ಅತ್ತೆಯ ಹಿತ್ತಾಳೆ ತಂಬಿಗೆ

ಆ ಬೀದಿಯಲ್ಲಿ ಯಾರ ಮನೆಯ ಡಬ್ಬಿಯ ಮುಚ್ಚಳ ಹಟ ಹಿಡಿದು ಕೂತರೂ, ಲೋಟದೊಳಗೆ ಲೋಟ ಸಿಕ್ಕಿಕೊಂಡರೂ, ಹಾಲಿನ ಪಾತ್ರೆಯ ತಳ ಸೀದು ಕರ್ರಗಾದರೂ, ಎಲ್ಲರ ಬಾಯಿಗೆ ಮೊದಲು ಬರುತ್ತಿದ್ದುದು ಒಂದೇ ಮಾತು: "ಚಿಟಿಕೆಯಕ್ಕನ್ನ ಕರೀರಿ." ಚಿಟಿಕೆ ಕೈ ಒರೆಸಿಕೊಳ್ಳುತ್ತಾ ಬರುತ್ತಿದ್ದಳು. ಒಳಗಿನ ಲೋಟಕ್ಕೆ ತಣ್ಣೀರು ತುಂಬಿ, ಹೊರಗಿನದನ್ನು ಬಿಸಿನೀರಲ್ಲಿ ಅದ್ದಿ, ಒಂದು ಸಲ ತಿರುವಿದರೆ ಸಾಕು, ಎರಡೂ ಬೇರೆ ಬೇರೆ. ಆಮೇಲೆ ಬೆರಳಲ್ಲಿ ಚಿಟಿಕೆ ಹೊಡೆದು "ಇಷ್ಟೇ ತಾನೆ!" ಅನ್ನುತ್ತಿದ್ದಳು. ಆ ಮಾತಿನಲ್ಲಿ ಒಂದಿಷ್ಟು ಜಂಬವೂ ಇತ್ತು. ಇರಲಿ ಬಿಡಿ, ಕೆಲಸ ಬಲ್ಲವರಿಗೆ ಅಷ್ಟೂ ಜಂಬ ಬೇಡವೆಂದರೆ ಹೇಗೆ?

ಅವಳು ದುಡಿಯುತ್ತಿದ್ದುದು ಹೆಣ್ಣುಮಕ್ಕಳ ಹಾಸ್ಟೆಲೊಂದರ ಅಡುಗೆಮನೆಯಲ್ಲಿ. ಬೆಳಿಗ್ಗೆ ಹೋದರೆ ಗುಡ್ಡೆಗಟ್ಟಲೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ. ಬೆಳ್ಳುಳ್ಳಿ ಸುಲಿಯುತ್ತಾ ಕೂರುವ ಜಾಯಮಾನ ಅವಳದಲ್ಲ. ಎಸಳುಗಳನ್ನು ಒಂದು ಬಟ್ಟಲಿಗೆ ಹಾಕಿ, ಮೇಲೊಂದು ಬಟ್ಟಲು ಮಗುಚಿ, ಭೂತ ಹಿಡಿದವಳ ಹಾಗೆ ಗಡಗಡ ಅಲುಗಾಡಿಸಿದರೆ ಸಿಪ್ಪೆಯೆಲ್ಲ ತಾನಾಗಿ ಬಿಡುತ್ತಿತ್ತು. ಹೆಚ್ಚುವ ಮಣೆ ಜಾರಿದರೆ ಅಡಿಯಲ್ಲೊಂದು ಒದ್ದೆ ಬಟ್ಟೆ. ಹಾಲು ಉಕ್ಕುವಂತಿದ್ದರೆ ಪಾತ್ರೆಯ ಮೇಲೆ ಅಡ್ಡಲಾಗಿ ಮರದ ಸೌಟು. ಚಾಕು ಮೊಂಡಾದರೆ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ ಅದರ ತಳದ ಒರಟು ಅಂಚಿಗೆ ನಾಲ್ಕು ಸಲ ಉಜ್ಜುತ್ತಿದ್ದಳು. ಹಾಗೆ ಉಜ್ಜುವಾಗ ತುಟಿ ಪಿಟಿಪಿಟಿ ಅನ್ನುತ್ತಿತ್ತು. ಹಾಸ್ಟೆಲಿನ ಹುಡುಗಿಯರು "ಏನಕ್ಕಾ, ಯಾರ ಮೇಲೆ ಕತ್ತಿ ಮಸೀತಿದೀರಾ?" ಎಂದು ರೇಗಿಸುತ್ತಿದ್ದರು. ಅವರಿಗೆ ಅದು ತಮಾಷೆ. ಚಿಟಿಕೆ ಮಾತ್ರ ನಿಜಕ್ಕೂ ಒಬ್ಬಳ ಮೇಲೆ ಮಸೆಯುತ್ತಿದ್ದಳು.

ಆ ಒಬ್ಬಳು ಅವಳ ಓರಗಿತ್ತಿ. ಗಂಡನ ಅಣ್ಣನ ಹೆಂಡತಿ. ಒಂದೇ ಮನೆಯನ್ನು ನಡುವೆ ಗೋಡೆ ಹಾಕಿ ಎರಡು ಮಾಡಿದ್ದರಿಂದ, ಓರಗಿತ್ತಿ ಕೆಮ್ಮಿದರೂ ಚಿಟಿಕೆಗೆ ಕೇಳುತ್ತಿತ್ತು. ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು.

ಜಗಳದ ಮೂಲ ಒಂದು ಹಿತ್ತಾಳೆ ತಂಬಿಗೆ. ಅಗಲ ಹೊಟ್ಟೆ, ಬಿಗಿ ಕುತ್ತಿಗೆ, ಒಂದು ಕಡೆ ಸಣ್ಣ ನೆಗ್ಗು. ಅತ್ತೆ ಹಾಸಿಗೆ ಹಿಡಿದಾಗ ಬೇರೆ ಯಾವ ಪಾತ್ರೆಯ ನೀರೂ ಅವರಿಗೆ ಸೇರುತ್ತಿರಲಿಲ್ಲ. ಚಿಟಿಕೆ ಆ ತಂಬಿಗೆಯಿಂದಲೇ ಚಮಚ ಚಮಚವಾಗಿ ಕುಡಿಸುತ್ತಿದ್ದಳು. ಅತ್ತೆ ಎದ್ದು ಕೂರಲಾಗದಿದ್ದಾಗ ದಿಂಬಿನ ಕೆಳಗೆ ಹಿಟ್ಟಿನ ಜರಡಿಯನ್ನು ಬೋರಲಿಟ್ಟು ತಲೆ ಎತ್ತರಿಸುತ್ತಿದ್ದಳು. ಅವಳ ಮೊದಲ ಉಪಾಯ ಅದೇ. ಒಂದು ಮಧ್ಯಾಹ್ನ ಅತ್ತೆ ಅವಳ ಮಣಿಕಟ್ಟು ಹಿಡಿದು ಹೇಳಿದರು: "ಈ ತಂಬಿಗೆ ನಿಂಗೆ ಕಣೆ. ನೀರು ಕುಡಿಸಿದ ಕೈ ನಿಂದು." ಆಗ ಹಿರಿಯ ಸೊಸೆ ಮಡಿಸಿದ ಬಟ್ಟೆ ಎದೆಗವುಚಿಕೊಂಡು ಹೊಸ್ತಿಲ ಮೇಲೇ ನಿಂತಿದ್ದಳು. ಕೇಳಿಸಿಕೊಂಡೇ ಒಳಗೆ ಹೋದಳು.

ಅತ್ತೆ ತೀರಿಕೊಂಡ ಮೇಲೆ ಮನೆ ಪಾಲಾಯಿತು. ಹಿರಿಯರ ಕಡೆಗೆ ಅಡುಗೆಮನೆ, ಅದರ ಜೊತೆಗೆ ಒಳ್ಳೆಯ ಪಾತ್ರೆಗಳೆಲ್ಲ. ಚಿಟಿಕೆಯ ಪಾಲಿಗೆ ಹಿಂದಿನ ಬಚ್ಚಲ ಕೋಣೆ, ಹಿಡಿಯಿಲ್ಲದ ಬಾಣಲೆ, ಮುಚ್ಚಳವಿಲ್ಲದ ಕುಕ್ಕರ್, ಒಂದು ಕಾಲು ಸೊಟ್ಟಗಾದ ಇಕ್ಕಳ. ಅದಕ್ಕೆಲ್ಲ ಅವಳು ತುಟಿ ಪಿಟಕ್ಕೆನ್ನಲಿಲ್ಲ. "ತಂಬಿಗೆ ಒಂದು ನಂಗೆ ಕೊಡಿ, ಅತ್ತೆ ನಂಗೇಂತ ಹೇಳಿದ್ರು" ಅಂದಳು, ಅಷ್ಟೆ. ನಂಟರಿಷ್ಟರೆಲ್ಲ ಕೂತಿದ್ದರು. ಹಿರಿಯವಳು ತಂಬಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು, ರೆಪ್ಪೆಯನ್ನೂ ಬಡಿಯದೆ ಹೇಳಿದಳು: "ಅತ್ತೆ ಯಾವತ್ತೂ ಹಾಗಂದಿಲ್ಲ. ಒಂದು ತಂಬಿಗೆಗೋಸ್ಕರ ಸತ್ತೋರ ಹೆಸರಲ್ಲಿ ಸುಳ್ಳು ಹೇಳ್ತಾಳಲ್ಲ, ನಾಚಿಕೆ ಬೇಡ್ವಾ ಇವಳಿಗೆ?"

ಮುಖಕ್ಕೆ ಹೊಡೆದ ಹಾಗಾಯಿತು ಚಿಟಿಕೆಗೆ. ಸುತ್ತ ನೋಡಿದಳು. ಒಬ್ಬರೂ ಅವಳ ಪರ ಮಾತಾಡಲಿಲ್ಲ. ಅವಳ ಗಂಡ ಬಸ್ ಡ್ರೈವರು, ಹಾರ್ನ್ ಒಂದು ಬಿಟ್ಟರೆ ಅವನ ಕಡೆಯಿಂದ ಬೇರೆ ಸದ್ದೇ ಹೊರಡುತ್ತಿರಲಿಲ್ಲ. ಆವತ್ತೂ ನೆಲ ನೋಡುತ್ತಾ ಕೂತುಬಿಟ್ಟ. ತಂಬಿಗೆ ಹೋದರೆ ಹೋಗಲಿ, ಆದರೆ "ಸುಳ್ಳಿ" ಎಂಬ ಹೆಸರು ಅಂಟಿಕೊಂಡಿತಲ್ಲ! ಗೋಡೆ ಎದ್ದ ದಿನ ಚಿಟಿಕೆ ಗಂಡನೆದುರು ಹೇಳಿದಳು: "ಸಾಯೋದ್ರೊಳಗೆ ಅವಳ ಬಾಯಿಂದಲೇ ನಿಜ ಹೊರಡಿಸ್ತೀನಿ. ಇಲ್ಲಾಂದ್ರೆ ಆ ತಂಬಿಗೆ ಅವಳ ಕಣ್ಣೆದುರೇ ನುಚ್ಚುನೂರಾಗ್ಬೇಕು. ಎರಡರಲ್ಲಿ ಒಂದಾಗದೆ ನಂಗೆ ಸಮಾಧಾನ ಇಲ್ಲ. ಅಲ್ಲೀವರೆಗೆ ಒಂದು ಸೌಟು ಬೇಕಾದ್ರೂ ಆ ಬಾಗಿಲಿಗೆ ಹೋಗಲ್ಲ."

ಹೋಗಲಿಲ್ಲ ಪುಣ್ಯಾತ್ಗಿತ್ತಿ. ಲಟ್ಟಣಿಗೆ ಇಲ್ಲವೇ, ಗಾಜಿನ ಬಾಟಲಿಯಲ್ಲಿ ಹಿಟ್ಟು ಲಟ್ಟಿಸಿದಳು. ತುರಿಯುವ ಮಣೆ ಇಲ್ಲವೇ, ತಗಡಿನ ಮುಚ್ಚಳಕ್ಕೆ ಮೊಳೆಯಲ್ಲಿ ತೂತು ಹೊಡೆದು ಅದರಲ್ಲೇ ತುರಿದಳು. ಕುಕ್ಕರಿಗೆ ಮುಚ್ಚಳ ಇಲ್ಲವೇ, ಊಟದ ತಟ್ಟೆ ಮುಚ್ಚಿ ಅದರ ಮೇಲೆ ಕಲ್ಲು ಹೇರಿ ಅನ್ನ ಬೇಯಿಸಿದಳು. ಜನ ಹೊಗಳುವ ಅವಳ ಉಪಾಯಗಳೆಲ್ಲ ಹೀಗೆ ಹುಟ್ಟಿದವು. ಬುದ್ಧಿ ಸ್ವಲ್ಪ, ಹಟ ಬಹಳ. ಒಂದೊಂದು ಉಪಾಯ ಹೊಳೆದಾಗಲೂ ಗೋಡೆಯ ಕಡೆ ತಿರುಗಿ ಚಿಟಿಕೆ ಹೊಡೆಯುತ್ತಿದ್ದಳು. ಬೀದಿಯವರು ಅದನ್ನು ಖುಷಿಯ ಚಿಟಿಕೆ ಅಂದುಕೊಂಡಿದ್ದರು.

ಯಾರೇ ಬಂದು ಕೇಳಲಿ, ಉಪಾಯ ಹೇಳಿಕೊಡುತ್ತಿದ್ದಳು. ಆದರೆ ಒಂದು ಷರತ್ತು. "ಇದನ್ನ ಪಕ್ಕದ ಮನೆಗೆ ದಾಟಿಸಕೂಡ್ದು. ದಾಟಿಸಿದ್ದು ಗೊತ್ತಾಯ್ತೋ, ನಿಮ್ಮ ಮನೆಗೆ ನಾನು ಮತ್ತೆ ಕಾಲಿಡಲ್ಲ." ಎದುರುಮನೆಯ ಟೈಲರಮ್ಮ ಒಂದು ಸಲ ಬಾಯಿ ತಪ್ಪಿ, ಸೀದ ಪಾತ್ರೆಗೆ ಉಪ್ಪುನೀರು ಕುದಿಸುವ ವಿಷಯ ಹೇಳಿಬಿಟ್ಟಿದ್ದಳು. ಚಿಟಿಕೆ ಅವಳ ಜೊತೆ ಒಂದು ಚಳಿಗಾಲವಿಡೀ ಮಾತು ಬಿಟ್ಟಳು. ಟೈಲರಮ್ಮ ಪುಕ್ಕಟೆಯಾಗಿ ರವಿಕೆ ಹೊಲಿದುಕೊಟ್ಟ ಮೇಲೆಯೇ ರಾಜಿಯಾದದ್ದು. ಗೋಡೆಯಾಚೆ ಹಾಲು ಉಕ್ಕಿ ಚೊರ್ರೆಂದಾಗ, ಮುಚ್ಚಳದ ಜೊತೆ ಗುದ್ದಾಡುತ್ತಾ ಓರಗಿತ್ತಿ "ಥೂ, ಇದರ ಮನೆ ಹಾಳಾಗ" ಎಂದಾಗ, ಈಚೆ ಚಿಟಿಕೆ ತುತ್ತನ್ನು ನಿಧಾನವಾಗಿ ಅಗಿಯುತ್ತಿದ್ದಳು. ಅಂಥ ದಿನ ಊಟ ಬಲು ರುಚಿ.

ವರ್ಷಗಳು ಹೀಗೇ ಉರುಳಿದವು. ಇಬ್ಬರ ಕೂದಲೂ ಬೆಳ್ಳಗಾಯಿತು. ಓರಗಿತ್ತಿಯ ಗಂಡ ತೀರಿಹೋದ. ಬೇರೆ ಕಡೆ ಮಗಳಿದ್ದಳು, ಅವಳ ಮನೆಗೇ ಹೋಗಿ ಇರುವುದೆಂದು ತೀರ್ಮಾನವಾಯಿತು. ಗೋಡೆಯಾಚೆಯಿಂದ ಡಬ್ಬ ತುಂಬುವ, ಹಗ್ಗ ಬಿಗಿಯುವ ಸದ್ದು ಕೇಳತೊಡಗಿದಾಗ ಚಿಟಿಕೆಗೆ ಸಂತೋಷವಾಗಬೇಕಿತ್ತು. ಆಗಿದ್ದು ಗಾಬರಿ. ನಿಜ ಹೇಳದೆ, ತಂಬಿಗೆಯನ್ನೂ ಹೊತ್ತುಕೊಂಡು ಹೊರಟೇಬಿಡ್ತಾಳಲ್ಲ! ನಾಳೆ ಬೆಳಿಗ್ಗೆ ಲಾರಿ ಬಂದರೆ ಸೇಡು ಯಾರ ಮೇಲೆ ತೀರಿಸಿಕೊಳ್ಳೋದು? ಆ ಮಧ್ಯಾಹ್ನ ಹಾಸ್ಟೆಲಿನಿಂದ ಬಂದವಳು ಊಟವನ್ನೂ ಮಾಡದೆ ಜಗಲಿಯ ಮೇಲೆ ಕೂತು ಹಲ್ಲು ಕಡಿಯುತ್ತಿದ್ದಳು.

ಅಷ್ಟರಲ್ಲಿ ಪಕ್ಕದ ಬಾಗಿಲು ತೆರೆಯಿತು. ಓರಗಿತ್ತಿ ಬಲಗೈಗೆ ಟವೆಲ್ ಸುತ್ತಿಕೊಂಡು ಹೊರಬಂದಳು. ಹಿಂದೆ ಟೈಲರಮ್ಮ, ಅವಳ ಹಿಂದೆ ಅಕ್ಕಪಕ್ಕದ ನಾಲ್ಕಾರು ಹೆಂಗಸರು. ನೆಟ್ಟಗೆ ಬಂದು ಚಿಟಿಕೆಯ ಮುಂದೆ ನಿಂತು, ಎಡಗೈಯಿಂದ ಟವೆಲ್ ಸರಿಸಿದಳು.

ಅಯ್ಯೋ ದೇವರೇ! ಅದೇ ತಂಬಿಗೆ. ಮಣಿಕಟ್ಟಿನ ತನಕ ಕೈ ಅದರೊಳಗೆ. ಒಳಗೆ ಉಜ್ಜಲು ಕೈ ಹಾಕಿದ್ದಾಳೆ, ಹಾಕಿದ ಕೈ ಹೊರಗೆ ಬರುತ್ತಿಲ್ಲ. ಎಳೆದೂ ಎಳೆದೂ ಊದಿಕೊಂಡು, ತಂಬಿಗೆಯ ಕುತ್ತಿಗೆಯ ಅಂಚಿನಲ್ಲಿ ಚರ್ಮ ಕೆಂಪಗೆ ಉಬ್ಬಿದೆ. ಚಿಟಿಕೆಗೆ ನಗು ಉಕ್ಕಿ ಬಂತು, ಕೆನ್ನೆ ಒಳಗಿನಿಂದ ಕಚ್ಚಿ ತಡೆದುಕೊಂಡಳು. ಇಷ್ಟು ವರ್ಷ ಇವಳು ತಂಬಿಗೆಯನ್ನು ಬಿಡಲಿಲ್ಲ, ಈಗ ತಂಬಿಗೆ ಇವಳನ್ನು ಬಿಡುತ್ತಿಲ್ಲ!

"ಸೋಪು ಹಾಕಿದ್ವಿ, ಎಣ್ಣೆ ಹಾಕಿದ್ವಿ, ಉಹೂಂ" ಅಂದಳು ಟೈಲರಮ್ಮ. "ಇನ್ನು ನಿನ್ನ ಬಿಟ್ರೆ ಯಾರೂ ಇಲ್ಲ ಚಿಟಿಕೆಯಕ್ಕಾ. ಹಳೇದೆಲ್ಲ ಮರೆತು ಒಂದು ಉಪಾಯ ಹೇಳಮ್ಮ."

ಓರಗಿತ್ತಿ ಸುಮ್ಮನೆ ಕೈ ಮುಂದೆ ಚಾಚಿದಳು.

ಉಪಾಯ ಚಿಟಿಕೆಗೆ ಕೈ ನೋಡಿದ ಕೂಡಲೇ ಹೊಳೆದಿತ್ತು. ಹೋದ ತಿಂಗಳು ಹಾಸ್ಟೆಲಿನ ಹುಡುಗಿಯೊಬ್ಬಳ ಕೈ ಗಾಜಿನ ಭರಣಿಯಲ್ಲಿ ಸಿಕ್ಕಿಕೊಂಡಾಗ ತಾನೇ ಬಿಡಿಸಿದ್ದಳು. ಕೈಯನ್ನು ತಲೆಗಿಂತ ಮೇಲೆ ಎತ್ತಿ ಹಿಡಿಸಬೇಕು, ತಣ್ಣೀರು ಹುಯ್ಯಬೇಕು, ಊತ ಇಳಿದ ಮೇಲೆ ಹಾಲಿನ ಖಾಲಿ ಕವರನ್ನು ಉದ್ದಕ್ಕೆ ಸೀಳಿ, ಕುತ್ತಿಗೆಗೂ ಚರ್ಮಕ್ಕೂ ನಡುವೆ ಮೆಲ್ಲಗೆ ತೂರಿಸಿ, ಅದಕ್ಕೆ ಎಣ್ಣೆ ಸವರಿ ಎಳೆದರೆ ಜಾರಿ ಬರುತ್ತದೆ. ಕವರು ಬಾಗಿಲ ಪಕ್ಕದ ಮೊಳೆಗೇ ನೇತುಹಾಕಿತ್ತು, ತೊಳೆದು ಒಣಗಿಸಿದ್ದು. ಅವಳ ಕಣ್ಣು ಒಂದು ಗಳಿಗೆ ಅತ್ತ ಹೋಗಿ ಬಂತು.

ಆಮೇಲೆ ಒಳಗಿನ ಬೆಂಕಿ ಎದ್ದಿತು. ನಿಜ ಹೊರಡಬೇಕು, ಇಲ್ಲವೇ ತಂಬಿಗೆ ನುಚ್ಚುನೂರಾಗಬೇಕು ಅಂದಿದ್ದೆನಲ್ಲ. ಇವಳ ಬಾಯಿಂದ ನಿಜ ಬರುವುದು ಅಷ್ಟರಲ್ಲೇ ಇದೆ. ಎರಡನೆಯದಾದರೂ ಆಗಿಬಿಡಲಿ.

"ಇಲ್ಲ" ಅಂದಳು ಚಿಟಿಕೆ. "ಇದಕ್ಕೆ ಯಾವ ಉಪಾಯಾನೂ ನಂಗೆ ಗೊತ್ತಿಲ್ಲ. ಕೊಯ್ಯಿಸ್ಬೇಕು ಅಷ್ಟೆ."

ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು. ಚಿಟಿಕೆಯಕ್ಕನ ಬಾಯಲ್ಲಿ "ಗೊತ್ತಿಲ್ಲ"! ಇಡೀ ಬೀದಿಯಲ್ಲಿ ಅವಳಿಗಿದ್ದ ಮರ್ಯಾದೆಯೆಲ್ಲ ಗೊತ್ತಿದೆ ಎಂಬುದರ ಮೇಲೆಯೇ ನಿಂತಿತ್ತು. ಸೇಡಿಗಾಗಿ ಅದನ್ನೂ ಪಣಕ್ಕಿಟ್ಟಳು. ಟೈಲರಮ್ಮ ಹೋಗಿ ಮೂಲೆಯಂಗಡಿಯ ಪಾತ್ರೆ ರಿಪೇರಿಯವನನ್ನು ಕರೆತಂದಳು. ಅವನು ತಗಡು ಕತ್ತರಿ, ಗರಗಸ ಎಲ್ಲ ಹರವಿಕೊಂಡು ತಂಬಿಗೆ ತಿರುಗಿಸಿ ನೋಡಿದ.

"ಒಳ್ಳೇ ಹಳೇ ಮಾಲು. ಕೊಯ್ದ ಮೇಲೆ ಉಪಯೋಗಕ್ಕೆ ಬರಲ್ಲಮ್ಮಾ. ಕೊಯ್ಯಲಾ?"

ಚಿಟಿಕೆ ಕಣ್ಣು ಕೀಲಿಸಿ ಓರಗಿತ್ತಿಯ ಮುಖ ನೋಡಿದಳು. ಈ ಗಳಿಗೆಗಾಗಿ ಎಷ್ಟು ವರ್ಷ ಕಾದಿದ್ದಳು! ಅಳಲಿ, ಗೋಗರೆಯಲಿ, ಬೇಡ ಬೇಡ ಎಂದು ತಂಬಿಗೆಯನ್ನು ತಬ್ಬಿಕೊಳ್ಳಲಿ.

ಓರಗಿತ್ತಿ ಅಳಲಿಲ್ಲ. "ನನ್ನೇನು ಕೇಳ್ತೀಯಪ್ಪ" ಅಂದಳು, ಎಲ್ಲರಿಗೂ ಕೇಳುವ ಹಾಗೆ. "ಇದು ನಂದಲ್ಲ. ಇವಳದು. ನಮ್ಮತ್ತೆ ಇವಳಿಗೇಂತ ಹೇಳಿದ್ದನ್ನ ನಾನು ಹೊಸ್ತಿಲಲ್ಲಿ ನಿಂತು ಕಿವಿಯಾರೆ ಕೇಳಿದ್ದೆ. ಪಾಲಿನ ದಿನ ಸುಳ್ಳು ಹೇಳಿದ್ದು ನಾನು. ಇವಳು ಸುಳ್ಳು ಹೇಳೋಳಲ್ಲ. ನಾಳೆ ಹೊರಡೋ ಮುಂಚೆ ಕೊಟ್ಟು ಹೋಗೋಣ ಅಂತ ಉಜ್ತಿದ್ದೆ, ಕೈ ಸಿಕ್ಕೊಂಡ್ತು. ಇವಳನ್ನೇ ಕೇಳು, ಕೊಯ್ಯಬೇಕೋ ಬೇಡ್ವೋ ಅಂತ."

ಬೀದಿಗೆ ಬೀದಿಯೇ ಚಿಟಿಕೆಯ ಕಡೆ ತಿರುಗಿತು. ಟೈಲರಮ್ಮ ಕಣ್ಣೊರೆಸಿಕೊಂಡಳು. "ಕೇಳಿದ್ಯಾ ಚಿಟಿಕೆಯಕ್ಕಾ, ಕೇಳಿದ್ಯಾ?"

ಕೇಳಿಸದೆ ಏನು! ಅಂಗಲಾಚಿದರೂ ಸಿಗದಿದ್ದ ಮಾತು ತಾನಾಗಿ ಬಂದು ಮಡಿಲಿಗೆ ಬಿದ್ದಿತ್ತು. ಆದರೆ ಅದನ್ನು ಎತ್ತಿಕೊಳ್ಳುವ ಹಾಗಿರಲಿಲ್ಲ. ಇವಳು ಸುಳ್ಳು ಹೇಳೋಳಲ್ಲ! ಅದೇ ಬಾಯಲ್ಲಿ, ಅದೇ ಜನರ ಮುಂದೆ, ಈಗಷ್ಟೇ ಹೇಳಿದ ಸುಳ್ಳು ನಾಲಿಗೆಯ ಮೇಲೆ ಇನ್ನೂ ಹಸಿಯಾಗಿತ್ತು. ಉಪಾಯ ಇದೆ ಅಂದರೆ ತಂಬಿಗೆ ಉಳಿಯುತ್ತದೆ, ಹೆಸರು ಹೋಗುತ್ತದೆ. ಈಗ ತಾನೆ ತೊಳೆದುಹೋದ "ಸುಳ್ಳಿ" ಅನ್ನೋ ಹೆಸರು ಮತ್ತೆ ಅಂಟುತ್ತದೆ, ಅದೂ ಈ ಸಲ ನಿಜವಾಗಿಯೇ. ಸುಮ್ಮನಿದ್ದರೆ ಅತ್ತೆಯ ತಂಬಿಗೆ, ತನ್ನ ತಂಬಿಗೆ, ಕಣ್ಣೆದುರೇ ತುಂಡಾಗುತ್ತದೆ.

"ಏನಮ್ಮಾ?" ರಿಪೇರಿಯವನು ಕೇಳಿದ.

"ಕೊಯ್ಯಿ" ಅಂದಳು ಚಿಟಿಕೆ. ದನಿ ತನ್ನದೇ ಅನ್ನಿಸಲಿಲ್ಲ ಅವಳಿಗೆ.

ಅವನು ಮೊದಲು ಹೊಟ್ಟೆಯ ಭಾಗಕ್ಕೆ ಗರಗಸ ಹಾಕಿದ. ಕರಕರ ಸದ್ದಿಗೆ ಚಿಟಿಕೆಯ ಹಲ್ಲು ಜುಮ್ಮೆಂದವು. ಅರ್ಧ ಸುತ್ತು ಬಂದಾಗ ನಿಲ್ಲಿಸು ಅನ್ನಬೇಕೆನಿಸಿತು, ಮುಕ್ಕಾಲು ಸುತ್ತಿಗೂ ಅನ್ನಿಸಿತು. ಬಾಯಿಗೆ ಬೀಗ ಬಿದ್ದಿತ್ತು. ಹೊಟ್ಟೆ ಕಳಚಿ ಬಿದ್ದ ಮೇಲೆ ಅವನು "ಒಂದು ಚಪ್ಪಟೆ ಚಮಚ ಕೊಡಿ" ಎಂದ. ಚಿಟಿಕೆಯೇ ಒಳಗಿನಿಂದ ತಂದುಕೊಟ್ಟಳು. ಚರ್ಮಕ್ಕೆ ಗಾಯವಾಗದಂತೆ ಚಮಚವನ್ನು ಕುತ್ತಿಗೆಯೊಳಗೆ ತೂರಿಸಿ, ತಗಡು ಕತ್ತರಿಯಲ್ಲಿ ಅಂಚನ್ನು ಕಚ್ಚಿ ಕಚ್ಚಿ ಸೀಳಿದ. ಕೈ ಹೊರಬಂತು. ಬೆರಳುಗಳೆಲ್ಲ ನೀಲಿಗಟ್ಟಿದ್ದವು. ಹೆಂಗಸರು ಉಸ್ಸಪ್ಪಾ ಎಂದು ಚದುರಿದರು. ಹೋಗುತ್ತಾ ಟೈಲರಮ್ಮ, "ಪಾಪ, ಚಿಟಿಕೆಯಕ್ಕನಿಗೇ ತೋಚಲಿಲ್ಲ ಅಂದ್ರೆ ಇನ್ನು ಯಾರಿಗೆ ತೋಚೀತು" ಎಂದಳು.

ಜಗಲಿಯ ಮೇಲೆ ಇಬ್ಬರೇ ಉಳಿದರು. ಓರಗಿತ್ತಿ ತುಂಡುಗಳನ್ನು ಆರಿಸಿ ಚಿಟಿಕೆಯ ಮಡಿಲಿಗಿಟ್ಟಳು. ಮಣಿಕಟ್ಟು ನೀವಿಕೊಳ್ಳುತ್ತಾ ಮೆಲ್ಲಗೆ ಕೇಳಿದಳು: "ಉಪಾಯ ಇತ್ತು, ಅಲ್ವೇನೆ?"

ಚಿಟಿಕೆ ಅವಳ ಮುಖ ನೋಡಿದಳು. "ನಿಮಗೆ ಹೇಗೆ ಗೊತ್ತು?"

"ನನ್ನ ಕೈ ನೋಡಿದವಳೇ ಮೊಳೆ ಮೇಲಿನ ಕವರ್ ನೋಡಿದ್ಯಲ್ಲ. ಬೇರೆಯವರಿಗೆ ಗೊತ್ತಾಗ್ಲಿಲ್ಲ, ನಂಗೆ ಗೊತ್ತಾಯ್ತು. ಗೋಡೆ ಈಚೆ ನೀನು ಪಾತ್ರೆ ಇಡೋ ಸದ್ದಲ್ಲೇ ನಿಂಗೆ ಎಷ್ಟು ಕೋಪ ಬಂದಿದೆ ಅಂತ ಹೇಳೋಳು ನಾನು."

"ಗೊತ್ತಿದ್ದೂ ಕೊಯ್ಯೋಕೆ ಬಿಟ್ರಾ?"

"ಕೊಟ್ಟು ಹೋಗೋಣ ಅಂತಲೇ ಇದ್ದೆ ಕಣೆ, ದೇವರಾಣೆ" ಅಂದಳು ಓರಗಿತ್ತಿ. "ಆದ್ರೆ ನೀನು ನನ್ನ ಮುಖ ನೋಡ್ಕೊಂಡೇ ಇಲ್ಲ ಅಂದ್ಯಲ್ಲ, ಆಗ ಹೊಟ್ಟೇಲಿ ಹಳೇ ಕಿಚ್ಚು ಭಗ್ ಅಂತು. ನೀರು ನೀನು ಕುಡಿಸಿದೆ ಸರಿ, ಅವರ ಬಟ್ಟೆ ಒಗೆದವಳು, ಹಾಸಿಗೆ ಬದಲಾಯಿಸಿದವಳು ನಾನಲ್ವಾ? ಅತ್ತೆಗೆ ನನ್ನ ಕೈ ಕಾಣ್ಲೇ ಇಲ್ಲ. ನಾನು ನಿಜ ಹೇಳಿಬಿಟ್ರೆ, ಉಪಾಯ ಇದೆ ಅಂತ ಇನ್ನು ನೀನು ಬಾಯಿ ಬಿಡೋಕಾಗಲ್ಲ ಅಂತ ಗೊತ್ತಿತ್ತು. ಅದಕ್ಕೇ ಆಗಲೇ ಹೇಳ್ದೆ. ನಂಗೂ ಬೇಡ, ನಿಂಗೂ ಬೇಡ. ಈಗ ತಣ್ಣಗಾಯ್ತು."

ಎದ್ದು, ನೀಲಿಗಟ್ಟಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಉಳಿದ ಸಾಮಾನು ಕಟ್ಟಲು ತನ್ನ ಬಾಗಿಲ ಕಡೆ ನಡೆದಳು.

ಬೈಯಬೇಕೆನಿಸಿತು ಚಿಟಿಕೆಗೆ. ಸೇಡು ಅಂದರೆ ಹೀಗಿರಬೇಕು ಎಂದು ಒಳಗೊಳಗೇ ಮೆಚ್ಚುಗೆಯೂ ಆಯಿತು, ಹಾಳಾದ್ದು. ಇಷ್ಟು ದೊಡ್ಡ ಬೀದಿಯಲ್ಲಿ ತನ್ನ ಕಣ್ಣು ಎತ್ತ ಹೋಯಿತೆಂದು ಕಂಡವಳು, ತನ್ನ ಪಾತ್ರೆಯ ಸದ್ದು ಬಲ್ಲವಳು ಇವಳೊಬ್ಬಳೇ. ಗಂಡನಿಗೂ ಅಷ್ಟು ಗೊತ್ತಿಲ್ಲ. ನಾಳೆ ಬೆಳಿಗ್ಗೆ ಲಾರಿ ಬಂದರೆ ಇವಳೂ ಇರುವುದಿಲ್ಲ. ಆಮೇಲೆ ಗೋಡೆಯ ಕಡೆ ತಿರುಗಿ ಚಿಟಿಕೆ ಹೊಡೆದರೆ ಯಾರಿಗೆ ಕೇಳಬೇಕು?

"ಅಕ್ಕಾ!" ಎಂದು ಕೂಗಿದಳು. ಪಾಲಾದ ದಿನದಿಂದ ಆ ಮಾತು ಅವಳ ಬಾಯಿಂದ ಹೊರಟಿರಲಿಲ್ಲ. ಓರಗಿತ್ತಿ ಬಾಗಿಲಲ್ಲೇ ನಿಂತಳು, ತಿರುಗಿ ನೋಡಲಿಲ್ಲ.

"ಕೈ ಮೇಲೆತ್ತಿ ಹಿಡ್ಕೊಳ್ಳಿ" ಅಂದಳು ಚಿಟಿಕೆ ಅಳುತ್ತಾ. "ಊತ ಬೇಗ ಇಳಿಯತ್ತೆ."